ಲೈಸೆನ್ಸ್ ಪತ್ರದಿಂದ ಲೈಸೆನ್ಸ್ ಕಡತಕ್ಕೆ: ತಂತ್ರಾಂಶದ ಹಕ್ಕಿನ ಇತಿಹಾಸದಲ್ಲಿ ಒಂದು ಘಟ್ಟ

ತಾಮ್ರಪಟ, ಕ್ರಯಪತ್ರ, ಕರಾರುಪತ್ರ ಮೊದಲಾದವು ಇತಿಹಾಸಕಾರನಿಗೆ ಚಿರಪರಿಚಿತವಾದ ಆಕರಗಳು. ಒಂದು ಹಕ್ಕನ್ನು ಯಾರು ಯಾರಿಗೆ, ಎಷ್ಟು ಕಾಲಕ್ಕೆ, ಯಾವ ನಿಬಂಧನೆಗಳಿಗೆ ಒಳಪಡಿಸಿ ಕೊಟ್ಟರೆಂಬುದನ್ನು ಅವು ತಿಳಿಸುತ್ತವೆ. ಬರೆದುದು ಬರೆದಂತೆಯೇ ನಡೆಯಿತೆ ಎಂಬುದನ್ನು ಮಾತ್ರ ನಾವು ಬೇರೆ ಸಾಕ್ಷ್ಯಗಳಿಂದ ಊಹಿಸಬೇಕಾಗುತ್ತದೆ. ಪತ್ರಕ್ಕೂ ಆಚರಣೆಗೂ ನಡುವೆ ಇರುವ ಈ ಅಂತರದಲ್ಲಿಯೇ ನಮ್ಮ ಶಾಸ್ತ್ರದ ಬಹುಪಾಲು ಕೆಲಸ ನಡೆಯುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ಅಂತರವನ್ನೇ ಅಳಿಸಿಹಾಕಿದ ಒಂದು ಬಗೆಯ ಹಕ್ಕುಪತ್ರ ಹುಟ್ಟಿಕೊಂಡಿತು. ಅದೇ ಗಣಕ ತಂತ್ರಾಂಶದ ಲೈಸೆನ್ಸ್ ಕಡತ. ಅದು ತಾನೇ ಕರಾರು, ತಾನೇ ಕಾವಲುಗಾರ. ಅದರ ಯೋಗಕ್ಷೇಮವನ್ನು ನೋಡಿಕೊಳ್ಳುವವನು ವಕೀಲನಲ್ಲ. ಕಮಾಂಡ್ ಲೈನಿನ ಮುಂದೆ ಕುಳಿತು, ಅಂದರೆ ಚಿತ್ರ ಗುಂಡಿಗಳ ನೆರವಿಲ್ಲದೆ ಅಕ್ಷರಗಳಲ್ಲಿಯೇ ಆಜ್ಞೆಗಳನ್ನು ಬೆರಳಚ್ಚಿಸಿ, ಗಣಕದಿಂದ ಕೆಲಸ ಮಾಡಿಸುವ ನಿರ್ವಾಹಕ.

ಈ ವ್ಯವಸ್ಥೆಯನ್ನು ಕೇವಲ ತಾಂತ್ರಿಕ ಸೌಕರ್ಯವೆಂದೋ, ಇಲ್ಲವೆ ಕಂಪನಿಗಳು ಬಳಕೆದಾರರ ಕೊರಳಿಗೆ ಹಾಕಿದ ಉರುಲೆಂದೋ ವರ್ಣಿಸುವುದು ವಾಡಿಕೆ. ಪ್ರಕೃತ ಲೇಖಕನಿಗೆ ಈ ಎರಡು ಮಾತುಗಳೂ ಪೂರ್ಣವಾಗಿ ಒಪ್ಪಿಗೆಯಾಗಿಲ್ಲ. ಲೈಸೆನ್ಸನ್ನು ಕಮಾಂಡ್ ಲೈನಿನಿಂದ ನಿರ್ವಹಿಸುತ್ತಿದ್ದ ಕಾಲವು ಒಂದು ಮಧ್ಯಂತರ ಘಟ್ಟ. ಆಗ ಹಕ್ಕಿನ ವ್ಯಾಖ್ಯಾನ ಮನುಷ್ಯನ ಕೈಯಿಂದ ಜಾರಿತ್ತಾದರೂ ಹಕ್ಕಿನ ಪತ್ರ ಇನ್ನೂ ಸಂಸ್ಥೆಯ ಕೋಣೆಯೊಳಗೇ ಇತ್ತು, ಅದನ್ನು ಓದಲು ಸಾಧ್ಯವಿತ್ತು ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸಿದೆ.

ಮೊದಲು, ಲೈಸೆನ್ಸೆಂಬುದೇ ಏಕೆ ಬೇಕಾಯಿತೆಂಬುದನ್ನು ನೋಡಬೇಕು. ೧೯೬೦ರ ದಶಕದವರೆಗೆ ಅಮೆರಿಕದ ಐಬಿಎಂ ಕಂಪನಿ ತನ್ನ ಯಂತ್ರಗಳನ್ನು ಬಾಡಿಗೆಗೆ ಕೊಡುವಾಗ ತಂತ್ರಾಂಶವೂ ತರಬೇತಿಯೂ ಇಂಜಿನಿಯರುಗಳ ನೆರವೂ ಆ ಬಾಡಿಗೆಯಲ್ಲಿಯೇ ಅಡಕವಾಗಿದ್ದುವು. ಯಂತ್ರವನ್ನು ಪಡೆದವರು ತಾವು ಬರೆದ ಪ್ರೋಗ್ರಾಮುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರು. ಅದಕ್ಕೆಂದೇ ೧೯೫೫ರಲ್ಲಿ ‘ಷೇರ್’ ಎಂಬ ಬಳಕೆದಾರರ ಸಂಘವೊಂದು ಸ್ಥಾಪಿತವಾಗಿತ್ತು. ೧೯೬೯ನೆಯ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಐಬಿಎಂ ಮೇಲೆ ಏಕಸ್ವಾಮ್ಯದ ಮೊಕದ್ದಮೆಯನ್ನು ಹೂಡಿತು. ಅದೇ ವರ್ಷ ಜೂನ್ ೨೩ರಂದು ಕಂಪನಿಯು ತಂತ್ರಾಂಶಗಳಲ್ಲಿ ಕೆಲವಕ್ಕೆ ಇನ್ನು ಮುಂದೆ ಪ್ರತ್ಯೇಕ ಬೆಲೆಯೆಂದು ಪ್ರಕಟಿಸಿತು. ಮೊಕದ್ದಮೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ತಂತ್ರಾಂಶ ರಚನೆಯ ವೆಚ್ಚವೂ ಆ ವೇಳೆಗೆ ಮಿತಿಮೀರಿ ಬೆಳೆದಿತ್ತು. ಬೆಲೆ ಕಟ್ಟಿದ ಮೇಲೆ ಆ ವಸ್ತುವನ್ನು ಮಾರಬೇಕೋ, ಬಳಸಲು ಅನುಮತಿಯನ್ನಷ್ಟೇ ಕೊಡಬೇಕೋ ಎಂಬ ಪ್ರಶ್ನೆ ಎದ್ದಿತು. ಮಾರಿದರೆ ಕೊಂಡವನು ಅದರ ಪ್ರತಿಗಳನ್ನು ಮಾಡಿ ಹಂಚಿಯಾನೆಂಬ ಭಯವಿತ್ತು. ಆದ್ದರಿಂದ ಅನುಮತಿಯ ಮಾರ್ಗವೇ ಗೆದ್ದಿತು.

ಈ ಅನುಮತಿ ಕಾಗದದ ಮೇಲಿತ್ತೆಂಬುದನ್ನು ಮರೆಯಬಾರದು. ಕಾಗದದ ಲೈಸೆನ್ಸ್ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಯೂನಿಕ್ಸ್‌ನ ಕಥೆಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಈ ಕಾರ್ಯಾಚರಣ ವ್ಯವಸ್ಥೆಯನ್ನು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ೧೯೬೯ರಿಂದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದರು. ಪ್ರಯೋಗಾಲಯದ ಒಡೆತನದಲ್ಲಿ ಪಾಲುಳ್ಳ ಎಟಿ ಅಂಡ್ ಟಿ ಕಂಪನಿಯು ೧೯೫೬ರ ನ್ಯಾಯಾಲಯದ ಒಪ್ಪಂದವೊಂದಕ್ಕೆ ಬದ್ಧವಾಗಿತ್ತು. ದೂರವಾಣಿಗೆ ಸಂಬಂಧಪಡದ ವ್ಯಾಪಾರವನ್ನು ಅದು ಕೈಗೊಳ್ಳುವಂತಿರಲಿಲ್ಲ. ಹೀಗಾಗಿ ಯೂನಿಕ್ಸ್ ಅಂಗಡಿಯ ಸರಕಾಗಲಿಲ್ಲ. ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ಅಂಗಸಂಸ್ಥೆಯ ಮೂಲಕ ವಿಶ್ವವಿದ್ಯಾನಿಲಯಗಳಿಗೆ ಅಲ್ಪ ಶುಲ್ಕಕ್ಕೆ ಲೈಸೆನ್ಸ್ ಕೊಡಲಾಯಿತು. ಪಡೆದವರಿಗೆ ಟೇಪಿನಲ್ಲಿ ಮೂಲ ಸಂಕೇತವೇ ಬರುತ್ತಿತ್ತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಲಯನ್ಸ್ ಎಂಬ ಅಧ್ಯಾಪಕರು ಆರನೆಯ ಆವೃತ್ತಿಯ ಸಂಕೇತಕ್ಕೆ ವಿದ್ಯಾರ್ಥಿಗಳಿಗಾಗಿ ಒಂದು ವ್ಯಾಖ್ಯಾನವನ್ನು ಬರೆದರು. ೧೯೭೯ರಲ್ಲಿ ಬಂದ ಏಳನೆಯ ಆವೃತ್ತಿಯ ಲೈಸೆನ್ಸ್ ಆ ಸಂಕೇತವನ್ನು ತರಗತಿಯಲ್ಲಿ ಪಾಠ ಹೇಳುವುದನ್ನೇ ನಿಷೇಧಿಸಿತು. ಪರಿಣಾಮವೇನಾಯಿತು? ಲಯನ್ಸರ ವ್ಯಾಖ್ಯಾನ ಜೆರಾಕ್ಸ್ ಪ್ರತಿಗಳ ರೂಪದಲ್ಲಿ ಕೈಯಿಂದ ಕೈಗೆ ಹರಿದಾಡಿತು. ೧೯೯೬ರಲ್ಲಿ ಅದು ಗ್ರಂಥರೂಪದಲ್ಲಿ ಪ್ರಕಟವಾಗುವವರೆಗೂ ಹೀಗೆಯೇ ನಡೆಯಿತು. ಕಾಗದದ ಲೈಸೆನ್ಸಿಗೆ ನಿಷೇಧಿಸುವ ಶಕ್ತಿಯುಂಟು, ತಡೆಯುವ ಶಕ್ತಿಯಿಲ್ಲ.

ಅಂತಹ ಲೈಸೆನ್ಸಿನ ಅರ್ಥವೇನೆಂಬುದನ್ನು ನಿರ್ಣಯಿಸಲು ನ್ಯಾಯಾಲಯಕ್ಕೇ ಹೋಗಬೇಕಾಗುತ್ತಿತ್ತು. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದವರು ತಾವು ಪರಿಷ್ಕರಿಸಿದ ಯೂನಿಕ್ಸ್ ಆವೃತ್ತಿಯನ್ನು ಎಟಿ ಅಂಡ್ ಟಿ ಲೈಸೆನ್ಸ್ ಉಳ್ಳವರಿಗೆ ಮಾತ್ರ ಕಳುಹಿಸುತ್ತಿದ್ದರು. ಮುಂದೆ ಅವರು ಸ್ವತಂತ್ರವಾಗಿ ಬಿಡುಗಡೆ ಮಾಡಿದ ಭಾಗಗಳ ಬಗ್ಗೆ ೧೯೯೨ರಲ್ಲಿ ವ್ಯಾಜ್ಯ ಹುಟ್ಟಿ, ೧೯೯೪ರಲ್ಲಿ ರಾಜಿಯಾಯಿತು. ಸುಮಾರು ೧೮,೦೦೦ ಕಡತಗಳಲ್ಲಿ ತೆಗೆದುಹಾಕಬೇಕಾಗಿ ಬಂದುದು ಮೂರು ಮಾತ್ರ. ಸುಮಾರು ಎಪ್ಪತ್ತಕ್ಕೆ ಹಕ್ಕುಸ್ವಾಮ್ಯದ ಸೂಚನೆಯನ್ನು ಸೇರಿಸಲಾಯಿತು. ಎರಡು ವರ್ಷಗಳ ವ್ಯಾಜ್ಯಕ್ಕೆ ಫಲ ಇಷ್ಟು. ಆದರೂ ಎರಡು ಪಕ್ಷಗಳು ವಾದಿಸಿ, ಮೂರನೆಯವರ ಮುಂದೆ ನಿಂತು, ಒಂದು ಅರ್ಥಕ್ಕೆ ಬಂದುದು ಇಲ್ಲಿ ಗಮನಾರ್ಹ.

೧೯೮೦ರ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ಒಂದು ದೊಡ್ಡ ಯಂತ್ರದ ಸ್ಥಾನದಲ್ಲಿ, ತಂತಿಗಳಿಂದ ಪರಸ್ಪರ ಜೋಡಿಸಿದ ಹತ್ತಾರು ವರ್ಕ್‌ಸ್ಟೇಷನ್‌ಗಳು ಬಂದುವು. ಯಂತ್ರಕ್ಕೊಂದರಂತೆ ಲೈಸೆನ್ಸ್ ಕೊಂಡರೆ ಹಣ ದಂಡ. ಒಂದನ್ನೇ ಕೊಂಡು ಎಲ್ಲದರಲ್ಲಿಯೂ ಬಳಸಿದರೆ ಕರಾರಿನ ಉಲ್ಲಂಘನೆ. ಕೆಲವು ಕಂಪನಿಗಳು ಯಂತ್ರದ ಹಿಂಬದಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೀಗವನ್ನು ಕೊಟ್ಟವು. ಅದು ಕಳೆದುಹೋದರೆ ಹಕ್ಕೂ ಕಳೆದಂತೆ. ಈ ತೊಡಕಿಗೆ ಸಿಕ್ಕ ಪರಿಹಾರವೇ ಲೈಸೆನ್ಸ್ ಸರ್ವರ್. ಅಪೊಲೊ ಕಂಪನಿಯ ವ್ಯವಸ್ಥೆಯೊಂದು ಈ ದಿಕ್ಕಿನಲ್ಲಿ ಮೊದಲಿನವುಗಳಲ್ಲಿ ಸೇರಿತ್ತು. ಹೆಚ್ಚು ಕಾಲ ಬಾಳಿದುದು ಮಾತ್ರ ೧೯೮೮ರಲ್ಲಿ ಹೈಲ್ಯಾಂಡ್ ಮತ್ತು ಗ್ಲೋಬ್‌ಟ್ರಾಟರ್ ಎಂಬ ಎರಡು ಸಂಸ್ಥೆಗಳು ಕೂಡಿ ರಚಿಸಿದ ‘ಫ್ಲೆಕ್ಸ್‌ಎಲ್‌ಎಂ’. ಮುಂದೆ ಅದರ ಒಡೆತನ ಹಲವು ಕೈಗಳನ್ನು ದಾಟಿತು, ಹೆಸರೂ ಮಾರ್ಪಟ್ಟಿತು. ಅದರ ಕಡತದ ಸ್ವರೂಪ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಅದರ ತತ್ತ್ವ ಸರಳವಾದುದು. ಗ್ರಂಥಾಲಯದಲ್ಲಿ ಒಂದು ಪುಸ್ತಕದ ಐದು ಪ್ರತಿಗಳಿದ್ದರೆ, ಓದುಗರು ಐನೂರು ಮಂದಿಯಿದ್ದರೂ ಏಕಕಾಲಕ್ಕೆ ಐವರು ಮಾತ್ರ ಅದನ್ನು ಎರವಲು ಪಡೆಯಬಹುದಷ್ಟೆ. ಇಲ್ಲಿಯೂ ಹಾಗೆಯೇ. ತಂತ್ರಾಂಶ ಎಲ್ಲ ಯಂತ್ರಗಳಲ್ಲಿಯೂ ಇರುತ್ತದೆ. ತೆರೆಯುವ ಮುನ್ನ ಅದು ಸರ್ವರನ್ನು ಕೇಳುತ್ತದೆ. ಸರ್ವರ್ ಎಣಿಸಿ ನೋಡಿ ಕೊಡುತ್ತದೆ, ಇಲ್ಲವೆ ನಿರಾಕರಿಸುತ್ತದೆ. ಎಷ್ಟು ಕೊಡಬೇಕೆಂಬುದನ್ನು ಅದು ತಿಳಿಯುವುದು ಲೈಸೆನ್ಸ್ ಕಡತದಿಂದ.

ಈ ಕಡತವನ್ನು ಒಂದು ದಾಖಲೆಯೆಂದು ಭಾವಿಸಿ ಪರೀಕ್ಷಿಸುವುದು ಉಪಯುಕ್ತ. ಅದು ಗೂಢಲಿಪಿಯಲ್ಲ, ಯಾರು ಬೇಕಾದರೂ ಓದಬಹುದಾದ ಅಕ್ಷರಗಳ ಕಡತ. ಮೊದಲ ಸಾಲಿನಲ್ಲಿ ಸರ್ವರ್ ಯಂತ್ರದ ಹೆಸರು, ಅದರ ಗುರುತಿನ ಸಂಖ್ಯೆ ಮತ್ತು ಸಂಪರ್ಕದ ದ್ವಾರಸಂಖ್ಯೆ ಇರುತ್ತವೆ. ಗುರುತಿನ ಸಂಖ್ಯೆಯೆಂಬುದು ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡಿಗೆ ಕಾರ್ಖಾನೆಯಲ್ಲಿಯೇ ಕೊಟ್ಟ ಹನ್ನೆರಡು ಅಂಕಾಕ್ಷರಗಳ ವಿಳಾಸ. ಎರಡನೆಯ ಸಾಲಿನಲ್ಲಿ ಮಾರಾಟಗಾರನ ಹೆಸರು. ಆಮೇಲೆ ಒಂದೊಂದು ಸೌಲಭ್ಯಕ್ಕೂ ಒಂದೊಂದು ಸಾಲು: ಸೌಲಭ್ಯದ ಹೆಸರು, ಆವೃತ್ತಿ, ಅವಧಿ ಮುಗಿಯುವ ದಿನಾಂಕ, ಸಂಖ್ಯೆ, ಕಡೆಯಲ್ಲಿ ಮುದ್ರೆಯಂತಹ ಒಂದು ಅಂಕಾಕ್ಷರಮಾಲೆ. ಶಾಶ್ವತವಾದ ಹಕ್ಕನ್ನು ಸೂಚಿಸಲು ದಿನಾಂಕದಲ್ಲಿ ವರ್ಷದ ಸ್ಥಾನಕ್ಕೆ ಸೊನ್ನೆಯನ್ನು ಬರೆಯುವ ಪದ್ಧತಿಯಿತ್ತು. ಆಚಂದ್ರಾರ್ಕವೆಂದು ಬರೆದ ದಾನಶಾಸನಗಳನ್ನು ಓದಿದವರಿಗೆ, ಕ್ರಿಸ್ತಶಕದಲ್ಲಿ ಇಲ್ಲದ ವರ್ಷವೊಂದರಿಂದ ಶಾಶ್ವತತೆಯನ್ನು ಸೂಚಿಸಿದ ಈ ಜಾಣ್ಮೆ ನಗು ತರಿಸದಿರದು.

ಕಡತದಲ್ಲಿ ಯಾವುದನ್ನು ತಿದ್ದಬಹುದು, ಯಾವುದನ್ನು ತಿದ್ದಬಾರದು ಎಂಬ ಭೇದವೂ ಇತ್ತು. ಯಂತ್ರದ ಹೆಸರನ್ನೂ ದ್ವಾರಸಂಖ್ಯೆಯನ್ನೂ ನಿರ್ವಾಹಕ ಬದಲಾಯಿಸಬಹುದು. ಯಂತ್ರದ ಗುರುತು, ದಿನಾಂಕ, ಸಂಖ್ಯೆ ಇವುಗಳಲ್ಲಿ ಒಂದಕ್ಷರ ಪಲ್ಲಟವಾದರೂ ಕೊನೆಯ ಮುದ್ರೆ ಹೊಂದದೆ ಸಾಲು ನಿರರ್ಥಕವಾಗುತ್ತದೆ. ಇದಲ್ಲದೆ ನಿರ್ವಾಹಕನಿಗೆಂದೇ ಮೀಸಲಾದ ಆಯ್ಕೆಗಳ ಕಡತವೊಂದಿತ್ತು. ಐದರಲ್ಲಿ ಎರಡನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಾದಿರಿಸಬಹುದು, ಒಬ್ಬನಿಗೆ ಇಂತಿಷ್ಟಕ್ಕಿಂತ ಹೆಚ್ಚು ಸಲ್ಲದೆನ್ನಬಹುದು, ಬಳಸದೆ ಬಿಟ್ಟವನಿಂದ ನಿಗದಿಯಾದ ಹೊತ್ತಿನ ಮೇಲೆ ಹಿಂದಕ್ಕೆ ಪಡೆಯಬಹುದು. ಕಂಪನಿ ಕೊಟ್ಟ ಐದನ್ನು ಆರು ಮಾಡಲು ಮಾತ್ರ ಬಾರದು. ಒಟ್ಟಿನಲ್ಲಿ ಮೇಲಿನ ಮಿತಿ ಕಂಪನಿಯದು, ಒಳಗಿನ ಹಂಚಿಕೆ ಸಂಸ್ಥೆಯದು.

ಆಜ್ಞೆಗಳೂ ಈ ವಿಭಜನೆಗೆ ಅನುಗುಣವಾಗಿದ್ದುವು. ‘ಎಲ್‌ಎಂ-ಸ್ಟ್ಯಾಟ್’ ಎಂದು ಬರೆದು ಗುಂಡಿಯೊತ್ತಿದರೆ ಎಷ್ಟು ಲೈಸೆನ್ಸುಗಳಿವೆ, ಎಷ್ಟು ಬಳಕೆಯಲ್ಲಿವೆ, ಯಾರು ಯಾವ ಯಂತ್ರದಲ್ಲಿ ಎಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದಾರೆ ಎಂಬುದೆಲ್ಲ ತೆರೆಯ ಮೇಲೆ ಬರುತ್ತಿತ್ತು. ‘ಎಲ್‌ಎಂ-ರಿಮೂವ್’ ಒಬ್ಬನ ಕೈಯಿಂದ ಅದನ್ನು ಬಿಡಿಸುವ ಆಜ್ಞೆ. ‘ಎಲ್‌ಎಂ-ರೀರೀಡ್’ ಕಡತವನ್ನು ಮತ್ತೆ ಓದಿಸುವುದು, ‘ಎಲ್‌ಎಂ-ಡೌನ್’ ಸರ್ವರನ್ನೇ ನಿಲ್ಲಿಸುವುದು. ಇಂತಹ ಆಜ್ಞೆಗಳು ಯಾರ ಕೈಗೆ ಬೇಕಾದರೂ ಸಿಕ್ಕಿದರೆ ಅನಾಹುತವೆಂದು, ಸರ್ವರನ್ನು ಆರಂಭಿಸುವಾಗಲೇ ಅವುಗಳನ್ನು ಒಂದು ಗುಂಪಿಗೆ ಸೀಮಿತಗೊಳಿಸುವ ಏರ್ಪಾಡಿತ್ತು. ಯೂನಿಕ್ಸ್ ಯಂತ್ರಗಳಲ್ಲಿ ಆ ಗುಂಪಿಗೆ ‘ಎಲ್‌ಎಂ-ಅಡ್ಮಿನ್’ ಎಂದು ಹೆಸರು. ಹೀಗೆ ಹೊಸದೊಂದು ಅಧಿಕಾರಸ್ಥಾನ ಸೃಷ್ಟಿಯಾಯಿತು. ಮೇಲಿನ ಆಜ್ಞೆಗೂ ಕೆಳಗಿನ ಬಳಕೆಗೂ ನಡುವೆ ನಿಂತು ಲೆಕ್ಕ ಇಡುವವರನ್ನು ಹಳೆಯ ಮೈಸೂರಿನವರು ಶಾನುಭೋಗರೆನ್ನುತ್ತಿದ್ದರು. ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಏಕೆಂದರೆ ಶಾನುಭೋಗರಿಗೆ ಲೆಕ್ಕದಲ್ಲಿ ಅಷ್ಟಿಷ್ಟು ಸಡಿಲಿಸುವ ಅವಕಾಶವಿತ್ತು.

ಸಡಿಲಿಕೆಯ ಅಭಾವದಿಂದ ಏನಾಗುತ್ತದೆಂಬುದನ್ನು ನಮ್ಮ ವಿಭಾಗವೇ ಅನುಭವಿಸಿದೆ. ಶಾಸನಗಳಲ್ಲಿ ಬರುವ ನಾಡು, ಕಂಪಣಗಳ ಎಲ್ಲೆಗಳನ್ನು ನಕ್ಷೆಯ ಮೇಲೆ ಗುರುತಿಸುವ ಕಾರ್ಯವನ್ನು ಹಿರಿಯ ಸಹೋದ್ಯೋಗಿಯೊಬ್ಬರು ಹಲವು ವರ್ಷ ನಡೆಸಿದ್ದರು. ಅದಕ್ಕೆ ಬಳಸಿದ ನಕ್ಷಾ ತಂತ್ರಾಂಶದ ಐದು ಲೈಸೆನ್ಸುಗಳನ್ನು ನಾವೂ ಭೂಗೋಳ ವಿಭಾಗದವರೂ ಹಂಚಿಕೊಂಡಿದ್ದೆವು. ವ್ಯವಸ್ಥೆ ಮೇಲೆ ವಿವರಿಸಿದ ಬಗೆಯದೇ. ಒಂದು ಮಳೆಗಾಲದಲ್ಲಿ ಸಿಡಿಲಿನಿಂದ ಸರ್ವರ್ ಯಂತ್ರದ ನೆಟ್‌ವರ್ಕ್ ಕಾರ್ಡ್ ಸುಟ್ಟುಹೋಯಿತು. ಹೊಸ ಕಾರ್ಡ್ ಹಾಕಿ ಯಂತ್ರವನ್ನು ಎಬ್ಬಿಸಿದ್ದೂ ಆಯಿತು. ಆದರೆ ಕಡತದಲ್ಲಿದ್ದ ಗುರುತು ಹಳೆಯ ಕಾರ್ಡಿನದು. ಸರ್ವರ್ ತನ್ನನ್ನು ತಾನೇ ಪರಕೀಯವೆಂದು ತಿಳಿದು ಎಲ್ಲ ಕೋರಿಕೆಗಳನ್ನೂ ನಿರಾಕರಿಸಿತು. ಹಣ ಕೊಟ್ಟ ರಸೀದಿ ನಮ್ಮಲ್ಲಿತ್ತು, ಕರಾರುಪತ್ರವಿತ್ತು, ಅದರಲ್ಲಿ ಹಕ್ಕು ಶಾಶ್ವತವೆಂದು ಬರೆದಿತ್ತು. ತಯಾರಿಸಿದ ಕಂಪನಿ ಅಷ್ಟರಲ್ಲಿ ಇನ್ನೊಂದರಲ್ಲಿ ಲೀನವಾಗಿತ್ತು. ಹಳೆಯ ಆವೃತ್ತಿಗೆ ಹೊಸ ಕಡತವನ್ನು ಕೊಡುವ ಪದ್ಧತಿ ತಮ್ಮಲ್ಲಿಲ್ಲವೆಂದು ಅಲ್ಲಿಂದ ಉತ್ತರ ಬಂದಿತು.

ಇಲ್ಲಿ ನಮ್ಮ ದೇಶದ ಶಾಸನವನ್ನು ನೆನೆಯಬೇಕು. ೧೯೫೭ರ ಹಕ್ಕುಸ್ವಾಮ್ಯ ಅಧಿನಿಯಮಕ್ಕೆ ೧೯೮೪ರಲ್ಲಿ ತಂದ ತಿದ್ದುಪಡಿಯಿಂದ ಗಣಕ ಪ್ರೋಗ್ರಾಮು ಸಾಹಿತ್ಯ ಕೃತಿಗಳ ವರ್ಗಕ್ಕೆ ಸೇರಿತು. ೧೯೯೪ರ ತಿದ್ದುಪಡಿಯ ಪ್ರಕಾರ, ನ್ಯಾಯಸಮ್ಮತವಾಗಿ ಪ್ರತಿಯನ್ನು ಹೊಂದಿದವನು ನಾಶ ನಷ್ಟಗಳಿಂದ ರಕ್ಷಣೆಗಾಗಿ ಇನ್ನೊಂದು ಪ್ರತಿಯನ್ನು ಮಾಡಿಕೊಳ್ಳುವುದು ಉಲ್ಲಂಘನೆಯಲ್ಲ. ನಾವು ಆ ಪ್ರತಿಯನ್ನು ಮಾಡಿಟ್ಟುಕೊಂಡಿದ್ದೆವು. ಕಾನೂನು ಇಟ್ಟುಕೊಳ್ಳಲು ಬಿಟ್ಟಿತು, ಕಡತ ತೆರೆಯಲು ಬಿಡಲಿಲ್ಲ. ಲಯನ್ಸರ ವ್ಯಾಖ್ಯಾನವನ್ನು ನಿಷೇಧಿಸಿದ ಕಾಗದ ಯಾವ ಜೆರಾಕ್ಸ್ ಯಂತ್ರವನ್ನೂ ನಿಲ್ಲಿಸಲಿಲ್ಲ. ನಮಗೆ ಹಕ್ಕು ಕೊಟ್ಟ ಕಾಗದ ನಮ್ಮ ಯಂತ್ರವನ್ನು ನಡೆಸಲೂ ಇಲ್ಲ.

ವೈಯಕ್ತಿಕ ಪ್ರಸಂಗ ಸಾಕು. ಮೈಕ್ರೋಸಾಫ್ಟ್ ಕಂಪನಿಯು ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಸಕ್ರಿಯಗೊಳಿಸುವಿಕೆ ಎಂಬ ವಿಧಿಯನ್ನು ತಂದಿತು. ೨೦೦೬ರ ಕೊನೆಯಲ್ಲಿ ಸಂಸ್ಥೆಗಳಿಗೆ ಬಿಡುಗಡೆಯಾದ ವಿಸ್ತಾದೊಡನೆ ಸಂಸ್ಥೆಯೊಳಗೇ ಇರುವ ಸರ್ವರ್ ಒಂದರಿಂದ ಎಲ್ಲ ಯಂತ್ರಗಳಿಗೂ ಅನುಮತಿ ಕೊಡಿಸುವ ಕ್ರಮವೂ, ಅದನ್ನು ಕಮಾಂಡ್ ಲೈನಿನಿಂದ ನಡೆಸಲು ‘ಎಸ್‌ಎಲ್‌ಎಂಜಿಆರ್’ ಎಂಬ ಸಾಧನವೂ ಬಂದುವು. ಅನುಮತಿಯ ಅವಧಿ ೧೮೦ ದಿನ. ಯಂತ್ರ ಏಳು ದಿನಕ್ಕೊಮ್ಮೆ ಅದನ್ನು ನವೀಕರಿಸಲು ಯತ್ನಿಸುತ್ತದೆ. ಮೇಜಿನ ಗಣಕಗಳು ಕನಿಷ್ಠ ೨೫ ಕೋರಿಕೆ ಸಲ್ಲಿಸುವವರೆಗೆ ಸರ್ವರ್ ಒಂದಕ್ಕೂ ಅನುಮತಿ ಕೊಡುವುದಿಲ್ಲ. ೨೪ ಗಣಕಗಳುಳ್ಳ ಸಣ್ಣ ಕಾಲೇಜು ಬೇರೆ ದಾರಿ ಹಿಡಿಯಬೇಕು. ಫ್ಲೆಕ್ಸ್‌ಎಲ್‌ಎಂ ಕಡತದೊಡನೆ ಹೋಲಿಸಿದರೆ ಒಂದು ಬದಲಾವಣೆ ಎದ್ದುಕಾಣುತ್ತದೆ. ಅಲ್ಲಿ ನಿರ್ವಾಹಕ ಪತ್ರವನ್ನು ಓದುತ್ತಿದ್ದ. ಇಲ್ಲಿ ಅವನು ಸ್ಥಿತಿಯನ್ನು ವಿಚಾರಿಸುತ್ತಾನೆ.

ಇದೇ ಕಾಲದಲ್ಲಿ ಲೈಸೆನ್ಸನ್ನು ಎಣಿಕೆಯ ಸಾಧನವಾಗಿಸದೆ ಓದುವ ಪತ್ರವಾಗಿಯೇ ಉಳಿಸಿಕೊಂಡ ಇನ್ನೊಂದು ಪರಂಪರೆಯೂ ನಡೆದುಬಂದಿತು. ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಸಾರಿದ ಗ್ನೂ ಯೋಜನೆಯಿಂದ ೧೯೮೯ರಲ್ಲಿ ‘ಜಿಪಿಎಲ್’ ಎಂಬ ಸಾರ್ವಜನಿಕ ಲೈಸೆನ್ಸ್ ಹೊರಬಂದಿತು. ಪ್ರತಿ ಮಾಡುವುದನ್ನು ತಡೆಯುವುದಕ್ಕೆ ಬದಲಾಗಿ, ಮುಂದಿನವನ ಪ್ರತಿ ಮಾಡುವ ಹಕ್ಕನ್ನು ಕಾಪಾಡುವುದೇ ಅದರ ಉದ್ದೇಶ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಪ್ರತಿಯೊಂದು ಪ್ಯಾಕೇಜಿನೊಡನೆಯೂ ಹಕ್ಕುಸ್ವಾಮ್ಯದ ಕಡತವೊಂದಿರುತ್ತದೆ. ಕಮಾಂಡ್ ಲೈನಿನಿಂದ ಅದನ್ನು ತೆರೆದು ಓದಬಹುದು. ಆದರೆ ಇಲ್ಲಿಯೂ ಯಂತ್ರವೇ ಲೈಸೆನ್ಸನ್ನು ಓದುವ ಒಂದು ಎಡೆಯುಂಟು. ಲಿನಕ್ಸ್‌ನ ಕೇಂದ್ರಭಾಗಕ್ಕೆ ಹೊರಗಿನ ಘಟಕವೊಂದನ್ನು ಸೇರಿಸುವಾಗ ಆ ಘಟಕ ತನ್ನ ಲೈಸೆನ್ಸಿನ ಹೆಸರನ್ನು ಹೇಳಿಕೊಳ್ಳಬೇಕು. ಮುಕ್ತವಲ್ಲದ ಹೆಸರಾದರೆ ಇಡೀ ವ್ಯವಸ್ಥೆಗೆ ‘ಕಲುಷಿತ’ ಎಂಬ ಗುರುತು ಬೀಳುತ್ತದೆ.

೨೦೦೪ರಲ್ಲಿ ಇಲ್ಲಿ ನಡೆದ ಪ್ರಸಂಗವೊಂದು ಶಾಸನ ಸಂಶೋಧಕರಿಗೆ ರುಚಿಸೀತು. ಲಿನಕ್ಸಾಂಟ್ ಎಂಬ ಕಂಪನಿಯ ಮೋಡೆಮ್ ಘಟಕ ತನ್ನ ಲೈಸೆನ್ಸಿನ ಸಾಲಿನಲ್ಲಿ ‘ಜಿಪಿಎಲ್’ ಎಂದು ಬರೆದು, ಒಡನೆಯೇ ಶೂನ್ಯಾಕ್ಷರವೊಂದನ್ನಿಟ್ಟು, ಆಮೇಲೆ ಆ ಹೆಸರು ಇಂತಹ ಕಡತಗಳಿಗೆ ಮಾತ್ರ ಅನ್ವಯವೆಂಬ ನಿಬಂಧನೆಯನ್ನು ಸೇರಿಸಿತ್ತು. ಸಿ ಭಾಷೆಯಲ್ಲಿ ಶೂನ್ಯಾಕ್ಷರವೆಂದರೆ ಮಾತು ಮುಗಿದ ಗುರುತು. ಯಂತ್ರ ಅಲ್ಲಿಗೇ ಓದನ್ನು ನಿಲ್ಲಿಸಿ ಜಿಪಿಎಲ್ ಎಂದುಕೊಂಡಿತು. ಮನುಷ್ಯರು ಮಾತ್ರ ಮುಂದಿನದನ್ನೂ ಓದಬಲ್ಲವರಾಗಿದ್ದರು. ಎಚ್ಚರಿಕೆಯ ಸಂದೇಶಗಳು ಮತ್ತೆ ಮತ್ತೆ ಬಂದು ಗ್ರಾಹಕರನ್ನು ಗೊಂದಲಕ್ಕೀಡುಮಾಡುತ್ತಿದ್ದುದರಿಂದ ಹೀಗೆ ಮಾಡಿದೆವೆಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಇದನ್ನು ಕೂಟಶಾಸನವೆನ್ನೋಣವೆ? ಬರೆದುದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದೇ ಸಾಲು ಇಬ್ಬರು ಓದುಗರಿಗೆ ಎರಡು ಬೇರೆ ಪತ್ರಗಳಾಗಿದ್ದಿತು, ಅಷ್ಟೆ. ಪತ್ರವನ್ನು ಯಂತ್ರದ ವಶಕ್ಕೆ ಕೊಟ್ಟ ಮೇಲೆ ವಂಚನೆಯೂ ಯಂತ್ರದ ಓದಿಗೆ ಹೊಂದಿಕೊಂಡಿತೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಕೊನೆಯದಾಗಿ, ಈ ಘಟ್ಟ ಮುಗಿಯುತ್ತ ಬಂದ ಬಗೆ. ಅಡೋಬಿ ಕಂಪನಿ ೨೦೧೩ರ ಮೇ ತಿಂಗಳಿನಲ್ಲಿ, ತನ್ನ ಚಿತ್ರ ಮತ್ತು ಮುದ್ರಣ ತಂತ್ರಾಂಶಗಳ ಮುಂದಿನ ಆವೃತ್ತಿಗಳು ಚಂದಾ ಪದ್ಧತಿಯಲ್ಲಿ ಮಾತ್ರ ದೊರೆಯುವುವೆಂದು ಪ್ರಕಟಿಸಿತು. ಲೈಸೆನ್ಸ್ ಇನ್ನು ಕಡತವಲ್ಲ, ದೂರದ ಸರ್ವರಿನಲ್ಲಿ ಬಳಕೆದಾರನ ಹೆಸರಿನ ಮುಂದೆ ಇರುವ ಒಂದು ನಮೂದು. ಇದಕ್ಕೆ ಕೆಲವೇ ತಿಂಗಳ ಹಿಂದೆ ಅದೇ ಕಂಪನಿ ೨೦೦೫ರ ತನ್ನ ತಂತ್ರಾಂಶಗಳನ್ನು ಸಕ್ರಿಯಗೊಳಿಸುತ್ತಿದ್ದ ಸರ್ವರನ್ನು ನಿಲ್ಲಿಸಿತ್ತು. ಹಣ ಕೊಟ್ಟವರು ತೊಂದರೆಗೆ ಸಿಕ್ಕುವರೆಂದು, ಸಕ್ರಿಯಗೊಳಿಸುವ ಅಗತ್ಯವಿಲ್ಲದ ಬೇರೊಂದು ಪ್ರತಿಯನ್ನು ಅದೇ ಒದಗಿಸಿತು. ಅದು ಮೆಚ್ಚತಕ್ಕ ನಡತೆ. ಆದರೆ ಅದು ಕಂಪನಿಯ ಸೌಜನ್ಯದಿಂದ ಬಂದುದು, ಬಳಕೆದಾರನ ಬಳಿ ಇದ್ದ ಯಾವ ಪತ್ರದ ಬಲದಿಂದಲೂ ಅಲ್ಲ. ಫ್ಲೆಕ್ಸ್‌ಎಲ್‌ಎಂ ಮಾದರಿಯ ಸರ್ವರುಗಳು ಇಂಜಿನಿಯರಿಂಗ್ ಕ್ಷೇತ್ರದಲ್ಲಿ ಇನ್ನೂ ಬಳಕೆಯಲ್ಲಿವೆ. ಸಾಮಾನ್ಯ ಬರಹ, ಚಿತ್ರ, ನಕ್ಷೆಗಳ ಕ್ಷೇತ್ರದಲ್ಲಿ ಕಡತ ಕ್ರಮೇಣ ಕೋಣೆಯಿಂದ ಹೊರಟುಹೋಗುತ್ತಿದೆ.

ಅದರೊಡನೆ ಹೊರಟುಹೋಗುವ ಇನ್ನೊಂದು ವಸ್ತುವಿದೆ. ಲೈಸೆನ್ಸ್ ಸರ್ವರ್ ತನ್ನ ದಿನಚರಿಯನ್ನು ಬರೆದಿಡುತ್ತಿತ್ತು. ಇಂತಹ ಹೊತ್ತಿನಲ್ಲಿ ಇಂತಹವರಿಗೆ ಕೊಟ್ಟಿತು, ಇಂತಹ ಹೊತ್ತಿನಲ್ಲಿ ಹಿಂದಕ್ಕೆ ಬಂದಿತು, ಇಂತಹವರಿಗೆ ನಿರಾಕರಿಸಲಾಯಿತು ಎಂದು ಸಾಲುಸಾಲಾಗಿ ಅದರಲ್ಲಿರುತ್ತಿತ್ತು. ನಮ್ಮ ನಕ್ಷೆಗಳನ್ನು ತೆರೆಯಲು ಇಂದಿಗೂ ಆಗಿಲ್ಲ. ಸಹೋದ್ಯೋಗಿಗಳು ನಿವೃತ್ತರಾಗುವ ಮುನ್ನ ಕಾಗದದ ಮೇಲೆ ತೆಗೆಸಿಟ್ಟ ಒಂಬತ್ತು ನಕ್ಷೆಗಳು ಉಳಿದಿವೆ. ಯಾವ ನಾಡಿನ ಎಲ್ಲೆಯನ್ನು ಯಾರು ಯಾವಾಗ ಗುರುತಿಸಿರಬಹುದೆಂಬುದನ್ನು ಆ ಒಂಬತ್ತರ ಮೇಲಿರುವ ತಾರೀಖುಗಳನ್ನೂ ಸರ್ವರಿನ ದಿನಚರಿಯನ್ನೂ ಹೊಂದಿಸಿ ನೋಡಿ ಈ ಲೇಖಕ ಸ್ವಲ್ಪಮಟ್ಟಿಗೆ ನಿರ್ಧರಿಸಬಹುದಾಯಿತು. ಐದೂ ಲೈಸೆನ್ಸುಗಳು ಭೂಗೋಳದವರ ಕೈಯಲ್ಲಿದ್ದ ದಿನಗಳಲ್ಲಿ ನಮ್ಮವರಿಗೆ ನಿರಾಕರಣೆ ಬಂದ ಸಾಲುಗಳೂ ಅದರಲ್ಲಿವೆ; ಆ ವಾರಗಳಲ್ಲಿ ಕೆಲಸ ಏಕೆ ಮುಂದೆ ಸಾಗಲಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯವಿಲ್ಲ. ದಿನಚರಿಯ ಅಚ್ಚುಪ್ರತಿ ಹನ್ನೊಂದು ತಿಂಗಳದು ಮಾತ್ರ ದೊರೆತಿದೆ. ಈಗ ವಿಭಾಗದಲ್ಲಿ ಬಳಸುತ್ತಿರುವ ಚಂದಾ ತಂತ್ರಾಂಶ ಅಂತಹ ದಿನಚರಿಯನ್ನು ನಮಗೆ ಕೊಡುವುದಿಲ್ಲ.